ಬಾಯಿ ಮುಚ್ಚಿಕೊಂಡಿರುವ ಹಕ್ಕು ಮತ್ತು ನನ್ನ ಸ್ಕೂಟರು

ಪುಣೆಯ ಪೊಲೀಸರಿಗೂ ನನಗೂ ಯಾವುದೋ ಋಣಾನುಬಂಧ ಇರಬೇಕು. ರಸ್ತೆ ತುಂಬ ಗಾಡಿ ಹರಿಯುತ್ತಿದ್ದರೂ ಅವರ ಕೈ ಅಡ್ಡ ಬರುವುದು ನನ್ನ ಸ್ಕೂಟರಿಗೇ. ಒಮ್ಮೆ ಆಯಿತು, ಮುಗಿಯಿತು ಅನ್ನುವ ಹಾಗಿಲ್ಲ, ಆಗುತ್ತಲೇ ಇರುತ್ತದೆ. ಹಾಗಂತ ನಾನು ಪುಂಡನಲ್ಲ. ತಲೆಗೆ ಹೆಲ್ಮೆಟ್ ಇದೆ, ಲೈಸೆನ್ಸ್ ಇದೆ, ವಿಮೆ ಇದೆ, ಹೊಗೆ ತಪಾಸಣೆಯ ಚೀಟಿಯೂ ಇದೆ. ಬಾಯಿಗೆ ಬ್ರೇಕು ಮಾತ್ರ ಇಲ್ಲ. ಇದು ನಮ್ಮ ಮನೆಯಾಕೆಯ ಮಾತು, ನನ್ನದಲ್ಲ.

ನಾನಾದರೂ ಏನು ಮಾಡಲಿ? ವಿಜಯಪುರದ ಕಾಲೇಜಿನಲ್ಲಿ ಇತಿಹಾಸ ಓದಿದವನು, ಚಿಂಚವಾಡದ ಒಂದು ಗೇರ್ ಕಾರ್ಖಾನೆಯ ಖರೀದಿ ವಿಭಾಗದಲ್ಲಿ ಜೀವ ಸವೆಸಿದೆ. ಅಲ್ಲಿ ನನ್ನ ಕೆಲಸವೇ ಮಾತು. ಮಾಲು ಕೊಡುವವನು ಎದುರಿಗೆ ಕೂತರೆ ಅವನು ಸುಸ್ತಾಗಿ "ತಗೋರಿ ಸಾಹೇಬ್ರ, ನೀವು ಹೇಳಿದ ರೇಟೇ ಇರಲಿ, ನನ್ನ ಬಿಡ್ರಿ" ಅನ್ನುವತನಕ ಮಾತಾಡುವುದು. ಅದಕ್ಕೇ ನನಗೆ ಬಡ್ತಿ ಕೊಟ್ಟರು. ನಿವೃತ್ತಿಯಾದ ಮೇಲೆ ಬಡ್ತಿ ನಿಂತಿತು, ಮಾತು ನಿಲ್ಲಲಿಲ್ಲ.

ಈಗ ಕೊಂಢವಾದಲ್ಲಿ ನಾವಿಬ್ಬರೇ ಒಂದು ಫ್ಲ್ಯಾಟಿನಲ್ಲಿದ್ದೇವೆ. ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಮಗಳು-ಅಳಿಯ. ಮಗಳು ವಕೀಲೆ. ನನಗೆ ಲೋಕದ ಸಂಪರ್ಕ ಅಂತ ಇರುವುದು ಆ ಸ್ಕೂಟರ್ ಒಂದೇ. ಬೆಳಿಗ್ಗೆ ಮಾರ್ಕೆಟ್ ಯಾರ್ಡಿಗೆ, ಆಮೇಲೆ ಹಿಟ್ಟಿನ ಗಿರಣಿಗೆ, ಸಂಜೆ ಕ್ಯಾಂಪಿನಲ್ಲಿ ನಮ್ಮ ಕನ್ನಡದ ಗೆಳೆಯರು ಕೂಡುವ ಚಹಾದಂಗಡಿಗೆ. ಸ್ಕೂಟರ್ ಹೋಯಿತೆಂದರೆ ನಾನು ಬಾಲ್ಕನಿಯಲ್ಲಿ ಒಣಹಾಕಿದ ಧೋತರ. ಗಾಳಿ ಬಂದರೆ ಅಲ್ಲಾಡಬೇಕು, ಅಷ್ಟೇ. ಈ ವರ್ಷ ಆ ಸ್ಕೂಟರಿನ ಜೀವಕ್ಕೇ ಕುತ್ತು ಬಂದಿತ್ತು.

೧. ಬೀಗರು

ಎಲ್ಲ ಶುರುವಾದದ್ದು ನಮ್ಮ ಮನೆಯ ಹತ್ತಿರದ ಚೌಕದಲ್ಲಿ. ಹವಾಲ್ದಾರರೊಬ್ಬರು ಕೈ ತೋರಿಸಿದರು, ನಿಲ್ಲಿಸಿದೆ. ಲೈಸೆನ್ಸ್ ಕೇಳಿದರು, ಕೊಟ್ಟೆ. ಗಾಡಿಯ ಕಾಗದ ಕೇಳಿದರು, ಕೊಟ್ಟೆ. ಎಲ್ಲ ನೋಡಿ ತಲೆಯಾಡಿಸಿ ಮರಳಿ ಕೊಡಲು ಕೈ ಚಾಚಿದರು. ಅಲ್ಲಿಗೆ ಹೊರಟುಬಿಟ್ಟಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ.

ಆದರೆ ನನ್ನ ಕಣ್ಣು ಅವರ ಎದೆಯ ಮೇಲಿನ ಹೆಸರಿನ ಪಟ್ಟಿಗೆ ಬಿತ್ತು. ಅಡ್ಡಹೆಸರು ನಮ್ಮ ಗಡಿಯ ಕಡೆಯದು.

"ಯಾವೂರ್ರಿ ನಿಮ್ಮದು?" ಅಂದೆ, ಕನ್ನಡದಲ್ಲೇ.

ಅವರ ಮುಖ ಅರಳಿತು. "ಅಕ್ಕಲಕೋಟ ಹತ್ತಿರರಿ ಕಾಕಾ. ನಿಮ್ಮದು?"

ನಮ್ಮ ಕಡೆಯ ಮಂದಿಗೆ ಇದೊಂದು ರೋಗ. ಪರ ಊರಲ್ಲಿ ಕನ್ನಡ ಕಿವಿಗೆ ಬಿದ್ದರೆ ಊರು ಕೇಳಬೇಕು. ಊರು ತಿಳಿದರೆ ಮನೆತನ ಕೇಳಬೇಕು. ಮನೆತನ ತಿಳಿದ ಮೇಲೆ ಯಾರನ್ನು ಯಾರ ಮನೆಗೆ ಕೊಟ್ಟಿದ್ದಾರೆ, ಯಾರನ್ನು ತಂದಿದ್ದಾರೆ ಅಂತ ಅಗೆಯುತ್ತ ಹೋಗಬೇಕು. ಸಂಬಂಧ ಸಿಗುವತನಕ ಕೈ ಬಿಡುವ ಹಾಗಿಲ್ಲ. ಹಿಂದೆ ಗಾಡಿಗಳು ಪೋಂ ಪೋಂ ಅನ್ನುತ್ತಿದ್ದವು, ನಾವಿಬ್ಬರೂ ಅಗೆದೆವು. ಕೊನೆಗೂ ಸಿಕ್ಕಿತು. ಅವರ ಸೋದರತ್ತೆಯನ್ನು ಕೊಟ್ಟಿದ್ದು ನಮ್ಮ ಕಾಕಾನ ಬೀಗರ ಮನೆಗೆ!

ನನಗೆ ಕಣ್ಣಲ್ಲಿ ನೀರೇ ಬಂತು. "ನೋಡ್ರಿ, ದೈವ ಅಂದ್ರ ಇದು. ನಾ ದಿನಾ ದೊಡ್ಡ ರಸ್ತಾ ಸುತ್ತು ಹಾಕಿ ಬರಾಂವ. ಇವತ್ತ ಯಾಕೋ ಬ್ಯಾಸರ ಬಂತು, ನೋ ಎಂಟ್ರಿ ಗಲ್ಲಿಯೊಳಗ ನುಗ್ಗಿ ಸೀದಾ ಬಂದ್ಬಿಟ್ಟೆ. ಸುತ್ತು ಹಾಕಿ ಬಂದಿದ್ರ ನೀವು ಸಿಗತಿದ್ದಿಲ್ಲಲ್ಲ!"

ಹವಾಲ್ದಾರರ ಮುಖದ ಮೇಲಿನ ನಗು ಹಾಗೇ ಇತ್ತು. ಕಾಗದ ಕೊಡುತ್ತಿದ್ದ ಕೈ ಮಾತ್ರ ನಡುವೆ ನಿಂತಿತು.

"ಯಾವ ಗಲ್ಲಿರಿ ಕಾಕಾ?"

"ಅದ ನೋಡ್ರಿ, ಡೇರಿ ಬಾಜೂಕಿಂದು." ಬೆರಳು ಮಾಡಿ ತೋರಿಸಿದವನೂ ನಾನೇ.

ಅವರು ಸೊಂಟದಿಂದ ದಂಡ ಹಾಕುವ ಚಲನಿನ ಯಂತ್ರ ತೆಗೆದರು.

"ಅಲ್ಲರಿ, ಈಗ ಅಷ್ಟ ಬೀಗರಾದ್ವಿ!"

"ಅದಕ್ಕs ಅಲ್ಲೇನ್ರಿ ಕಾಕಾ. ಬ್ಯಾರೆ ಯಾರರ ಆಗಿದ್ರ ಬುದ್ಧಿ ಹೇಳಿ ಬಿಡ್ತಿದ್ದೆ. ಬೀಗರನ್ನ ಬಿಟ್ರ ನಾಳೆ ಮಂದಿ ನನಗ ಏನಂದಾರು?"

೨. ಮಗಳ ಪಾಠ

ಮನೆಗೆ ಬಂದು ಹೊಸ ಬೀಗರ ಸುದ್ದಿಯನ್ನು ಸಂಭ್ರಮದಿಂದ ಹೇಳತೊಡಗಿದೆ. ಚಲನಿನ ಸುದ್ದಿ ನನಗಿಂತ ಮೊದಲೇ ಮನೆ ಸೇರಿತ್ತು. ಗಾಡಿಯ ದಾಖಲೆಗೆ ಮಗಳ ಮೊಬೈಲ್ ನಂಬರೇ ಹಚ್ಚಿದ್ದು.

"ಅಪ್ಪಾ, ಅವರು ನಿನಗ ಏನು ಕೇಳಿದ್ರು?" ಕೋರ್ಟಿನ ದನಿ ತೆಗೆದಳು.

"ಲೈಸೆನ್ಸು, ಗಾಡಿ ಕಾಗದ."

"ನೀ ಏನು ಕೊಟ್ಟಿ?"

"ಎರಡೂ ಕೊಟ್ಟೆ. ಆಮ್ಯಾಲೆ..."

"ಆಮ್ಯಾಲೆ ಅನ್ನೂದs ಇಲ್ಲ! ಅಲ್ಲಿಗೆ ಮುಗೀತು."

ಆಮೇಲೆ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಪಾಠ ಮಾಡಿದಳು. "ಯುನಿಫಾರ್ಮಿನಾಗ ಇದ್ದ ಪೊಲೀಸರು ಕೇಳಿದ್ರ ಲೈಸೆನ್ಸು, ಕಾಗದ ತೋರಸಬೇಕು. ಹೆಸರು, ವಿಳಾಸ ಖರೇ ಹೇಳಬೇಕು. ಊದ್ರಿ ಅಂದ್ರ ಊದಬೇಕು. ದನಿ ಎತ್ತಬಾರದು, ಕೈ ಎತ್ತಬಾರದು, ಗಾಡಿ ಓಡಿಸಿಕೊಂಡು ಹೋಗಬಾರದು. ಹಿಡದ್ರು ಅಂದ್ರ ಯಾಕ ಹಿಡದೀರಿ ಅಂತ ಕೇಳಬಹುದು, ಮನಿಗೆ ತಿಳಸ್ರಿ ಅನ್ನಬಹುದು, ವಕೀಲರನ್ನ ಕರೀಬಹುದು. ಆದರ ನಿನ್ನ ತಪ್ಪಿಗೆ ನೀನs ಸಾಕ್ಷಿ ಹೇಳು ಅಂತ ಯಾರೂ ಒತ್ತಾಯ ಮಾಡೂ ಹಂಗಿಲ್ಲ. ಸುಮ್ಮನಿರೋದು ನಿನ್ನ ಹಕ್ಕು ಅಪ್ಪಾ. ಸಂವಿಧಾನ ಕೊಟ್ಟದ್ದು."

ಇತಿಹಾಸ ಓದಿದವನಾಗಿ ಸಂವಿಧಾನದ ಮೇಲೆ ನನಗೆ ಅಪಾರ ಗೌರವ. ಆದರೆ ಅಷ್ಟೆಲ್ಲ ಓದಿದವರು ಕೂತು ಬರೆಯುವಾಗ ನನ್ನಂಥವನಿಗೆ ಇಷ್ಟು ಕಠಿಣವಾದ ಹಕ್ಕನ್ನೇ ಯಾಕೆ ಕೊಟ್ಟರೋ ತಿಳಿಯಲಿಲ್ಲ.

"ನಗಬ್ಯಾಡ ಅಪ್ಪಾ," ಅಂದಳು. ಈಗ ದನಿ ಕೋರ್ಟಿನದಾಗಿರಲಿಲ್ಲ. "ಇವತ್ತ ನೋ ಎಂಟ್ರಿ. ನಾಳೆ ಎಲ್ಲೋ ಅಪಘಾತ ಆದ ಜಾಗಾದಾಗ ನಿಂತು ಹಿಂಗ ಒದರಿದಿ ಅಂದ್ರ, ನೀ ಮಾಡದ್ದೂ ನಿನ್ನ ತಲಿಗೆ ಬರ್ತದ. ದಿನಾ ಅಂಥಾ ಕೇಸ್ ನೋಡ್ತೀನಿ ನಾನು. ಇನ್ನೊಮ್ಮೆ ಪೊಲೀಸರ ಮುಂದ ಕೇಳದ್ದು ಹೇಳಿ ತೊಂದರಿ ತಂದ್ರ ಗಾಡಿ ಮಾರ್ತೀನಿ. ಖರೇನ ಮಾರ್ತೀನಿ."

ಅವಳು ಆಡಿದರೆ ಮಾಡುವವಳು. ಆ ಗುಣ ತಾಯಿಯದು.

ತಾಯಿ ಅಲ್ಲೇ ಸೊಪ್ಪು ಸೋಸುತ್ತ ಕೂತಿದ್ದಳು. ಬಹಳ ಆಸಕ್ತಿಯಿಂದ ಕೇಳಿದಳು, "ಸುಮ್ಮನಿರೋ ಹಕ್ಕು ಅಂದ್ಯಲ್ಲ ತಂಗೀ, ಅದು ಮನಿಯೊಳಗೂ ನಡೀತದೇನು?"

"ಯಾಕವ್ವಾ, ನಿನಗ ಬೇಕಾಗಿತ್ತೇನು?"

"ನನಗ್ಯಾಕವ್ವಾ. ಇವರು ಮನಿಯೊಳಗೂ ಒಂದೀಟು ಬಳಸಲಿ ಅಂತ."

೩. ಎಲ್ಲಿಗೆ ಹೊರಟಿರಿ ಕಾಕಾ?

ಹಕ್ಕು ಚಲಾಯಿಸುವ ಅವಕಾಶ ಬೇಗನೇ ಬಂತು. ಮಾರ್ಕೆಟ್ ಯಾರ್ಡಿನಿಂದ ಮೆಂತ್ಯ ಸೊಪ್ಪು ತರುತ್ತಿದ್ದೆ. ಒಬ್ಬಳು ಮಹಿಳಾ ಪೊಲೀಸ್ ಕೈ ತೋರಿಸಿದಳು. ಚಿಕ್ಕ ವಯಸ್ಸಿನವಳು, ಮುಖದಲ್ಲಿ ನಗು.

"ಎಲ್ಲಿಗೆ ಹೊರಟಿರಿ ಕಾಕಾ?" ಮರಾಠಿಯಲ್ಲಿ ಕೇಳಿದಳು.

ಇದು ಲೈಸೆನ್ಸಿನ ಪ್ರಶ್ನೆಯಲ್ಲ. ಹಾಗಾಗಿ ಉತ್ತರವಿಲ್ಲ. ನಗುತ್ತ ಲೈಸೆನ್ಸ್ ಮುಂದೆ ಹಿಡಿದೆ.

"ಲೈಸೆನ್ಸ್ ನಾನು ಕೇಳಲಿಲ್ಲ. ಮುಂದೆ ರಸ್ತೆ ಅಗೆದಿದ್ದಾರೆ, ಅದಕ್ಕೆ ಕೇಳಿದೆ. ಎಲ್ಲಿಗೆ ಹೋಗಬೇಕು?"

ನಾನು ನಕ್ಕೆ.

ಅವಳು ಹಿಂದಿಯಲ್ಲಿ ಕೇಳಿದಳು. ಹಿಂದಿಯಲ್ಲೂ ನಕ್ಕೆ. ಹೊಟ್ಟೆಯೊಳಗೆ ಮಾತು ಕುಕ್ಕರಿನ ಹಾಗೆ ಕುದಿಯುತ್ತಿತ್ತು. ಆದರೂ ಸೀಟಿ ಹಾಕಲಿಲ್ಲ.

ಅವಳ ಮುಖದಲ್ಲಿ ಕರುಣೆ ಮೂಡಿತು. ಜೊತೆಗಿದ್ದವನಿಗೆ ಪಿಸುಗುಟ್ಟಿದಳು, "ಪಾಪ, ನೆನಪು ಹೋಗಿದೆ ಕಾಣುತ್ತೆ. ಇಂಥವರ ಕೈಗೆ ಗಾಡಿ ಕೊಟ್ಟು ಬಿಟ್ಟಿದ್ದಾರಲ್ಲ ಮನೆಯವರು!" ನನ್ನನ್ನು ಕೈಹಿಡಿದು ಮರದ ನೆರಳಿಗೆ ಕರೆದೊಯ್ದು, ಕುರ್ಚಿ ಹಾಕಿ, ನೀರು ಕೊಟ್ಟಳು. ತನ್ನ ಡಬ್ಬಿಯಿಂದ ಒಂದು ಬಿಸ್ಕೀಟನ್ನೂ ಕೊಟ್ಟಳು.

"ನಿಮ್ಮ ಹೆಸರು ನೆನಪಿದೆಯಾ ಕಾಕಾ?"

ಹೆಸರು ಹೇಳಬೇಕು ಅಂತ ಮಗಳೇ ಹೇಳಿದ್ದಾಳೆ. ಹೇಳಿದೆ.

"ಹೆಸರು ನೆನಪಿದೆ! ಮನೆ ಎಲ್ಲಿ?"

ವಿಳಾಸವನ್ನೂ ಹೇಳಬೇಕು. ಫ್ಲ್ಯಾಟ್ ನಂಬರಿನಿಂದ ಪಿನ್ ಕೋಡಿನತನಕ ಹೇಳಿದೆ.

"ಮನೆಯೂ ನೆನಪಿದೆ! ಈಗ ಎಲ್ಲಿಗೆ ಹೊರಟಿದ್ದಿರಿ?"

ನಕ್ಕೆ.

"ಅದೊಂದೇ ಮರೆತುಹೋಗಿದೆ," ಅಂತ ಅವಳು ನಿಟ್ಟುಸಿರು ಬಿಟ್ಟಳು. ನನ್ನ ಫೋನ್ ಕೇಳಿದಳು. ಕೊಡಬೇಕೋ ಬೇಡವೋ, ಮಗಳ ಪಾಠದಲ್ಲಿ ಫೋನಿನ ಪ್ರಸ್ತಾಪ ಬಂದಿರಲಿಲ್ಲ. ಬಿಸ್ಕೀಟು ತಿಂದ ದಾಕ್ಷಿಣ್ಯಕ್ಕೆ ಕೊಟ್ಟೆ. ಅವಳು ಮನೆಗೆ ಹಚ್ಚಿ ಸ್ಪೀಕರ್ ಒತ್ತಿದಳು.

"ಕಾಕು, ಗಾಬರಿ ಆಗಬೇಡಿ. ನಿಮ್ಮ ಯಜಮಾನರು ನಮ್ಮ ಹತ್ತಿರ ಇದ್ದಾರೆ. ಬಹಳ ಹೊತ್ತಿನಿಂದ ಸುಮ್ಮನೆ ಕೂತಿದ್ದಾರೆ. ಎಲ್ಲಿಗೆ ಅಂತ ಎಷ್ಟು ಕೇಳಿದರೂ ಮಾತೇ ಇಲ್ಲ."

ನಮ್ಮಾಕೆ ತನ್ನ ಮುರುಕು ಹಿಂದಿಯಲ್ಲಿ ಕೇಳಿದಳು, "ಸುಮ್ಮನೆ ಕೂತಿದ್ದಾರಾ?"

"ಹೌದು ಕಾಕು."

"ಹಾಗಾದರೆ ಅವರು ನಮ್ಮನೆಯವರಲ್ಲ. ಯಾರೋ ಅವರ ಫೋನ್ ಕದ್ದಿದ್ದಾರೆ. ಬಿಡಬೇಡಿ, ಹಿಡಿದಿಡಿ!"

ಆ ಹುಡುಗಿಯ ಕರುಣೆ ಒಂದೇ ಏಟಿಗೆ ಇಳಿಯಿತು. ಲೈಸೆನ್ಸ್ ಎತ್ತಿ ಫೋಟೋ ನೋಡಿದಳು, ನನ್ನ ತಲೆ ನೋಡಿದಳು. ಆ ಫೋಟೋ ನನಗೆ ಕೂದಲಿದ್ದ ಕಾಲದ್ದು. ಕುರ್ಚಿಯ ಎರಡೂ ಬದಿಗೆ ಇಬ್ಬರು ಬಂದು ನಿಂತರು.

ಇನ್ನು ಹಕ್ಕಿನ ಮಾತೆಲ್ಲಿ? ಬಾಯಿ ಬಿಟ್ಟೆ. ಮಗಳ ಪಾಠ, ಸಂವಿಧಾನ, ಮೆಂತ್ಯದ ಇವತ್ತಿನ ಧಾರಣೆ, ಅಗೆದ ರಸ್ತೆಯ ಬಗ್ಗೆ ನನ್ನ ಅಭಿಪ್ರಾಯ, ನನ್ನ ಕೂದಲು ಉದುರಿದ ಇತಿಹಾಸ, ಎಲ್ಲ ಒಂದೇ ಉಸಿರಿನಲ್ಲಿ ಹೊರಬಿತ್ತು. ಆ ಹುಡುಗಿ ಒಂದು ಕೈಯಿಂದ ಕಿವಿ ಮುಚ್ಚಿಕೊಂಡು ಇನ್ನೊಂದು ಕೈಯಿಂದ ಫೋನನ್ನು ನನ್ನ ಬಾಯಿಯ ಹತ್ತಿರ ಹಿಡಿದಳು.

"ಕಾಕು, ಈಗ ಕೇಳಿ. ಇವರೇನಾ?"

ಆ ಕಡೆಯಿಂದ ಸ್ವಲ್ಪ ಹೊತ್ತು ಬರೀ ಒಗ್ಗರಣೆಯ ಚಟಪಟ. ಆಮೇಲೆ ಉತ್ತರ ಬಂತು.

"ಹಾಂ, ಇವರೇ. ಕಳಿಸಿ. ಆದರೆ ಅವಸರ ಏನಿಲ್ಲ."

೪. ಅರವತ್ತು ದಾಟಿದ ಸಾಕ್ಷಿ

ಆ ಸಲ ಮಗಳು ನಕ್ಕು ಬಿಟ್ಟುಬಿಟ್ಟಳು. "ನೋಡು, ರಸ್ತಾ ಯಾಕಡೆ ಅಂತ ಕೇಳಿದ್ರ ಹೇಳಬೇಕಪ್ಪಾ," ಅಂತಷ್ಟೇ ಅಂದಳು. ಆದರೆ ಮುಂದಿನದಕ್ಕೆ ನಗಲಿಲ್ಲ.

ನಮ್ಮ ಸೊಸೈಟಿಯ ಗೇಟಿಗೆ ಯಾವುದೋ ಟೆಂಪೋ ಗುದ್ದಿ ಸೊಟ್ಟಗೆ ಮಾಡಿ ಹೋಯಿತು. ಪೊಲೀಸರು ವಿಚಾರಿಸಿದಾಗ ವಾಚ್‌ಮನ್ "ಕಾಕಾನನ್ನು ಕೇಳಿ, ಇಲ್ಲಿ ಏನಾದರೂ ಅವರಿಗೆ ಗೊತ್ತಿರುತ್ತದೆ" ಅಂದುಬಿಟ್ಟ. ಪೊಲೀಸ್ ಚೌಕಿಯಿಂದ ಫೋನ್ ಬಂತು: ಬಂದು ಹೇಳಿಕೆ ಕೊಟ್ಟು ಹೋಗಿ.

ಗಡ್ಡ ಬೋಳಿಸಿಕೊಂಡು ಇಸ್ತ್ರಿ ಅಂಗಿ ತೊಟ್ಟು ಹೊರಟೆ. ಮಗಳು ಮೆಟ್ಟಿಲಲ್ಲೇ ತಡೆದಳು. "ನೀ ಹೋಗಬ್ಯಾಡ. ಅರವತ್ತು ದಾಟಿದವರನ್ನ ಸಾಕ್ಷಿ ಅಂತ ಚೌಕಿಗೆ ಕರೆಸೂ ಹಂಗಿಲ್ಲ. ಬೇಕಾದ್ರ ಅವರs ಮನಿಗೆ ಬಂದು ಕೇಳಬೇಕು. ಹಂಗಂತ ಹೇಳು. ಅಷ್ಟs ಹೇಳು."

ಹೇಳಿದೆ. ಚೌಕಿಯವರು ಒಪ್ಪಿದರು. ಮಗಳು ಕೋರ್ಟಿಗೆ ಹೋದಳು. ಮಧ್ಯಾಹ್ನ ಒಬ್ಬ ವಯಸ್ಸಾದ ಹವಾಲ್ದಾರ ಕಾಗದ ಹಿಡಿದುಕೊಂಡು ಬಂದರು. ಪಾಪ, ಐದು ನಿಮಿಷದ ಕೆಲಸ ಅಂತ ಟೋಪಿಯನ್ನೂ ತೆಗೆಯದೇ ಕೂತರು.

ಕಾನೂನೇ ನನ್ನನ್ನು ಮನೆಯಲ್ಲಿ ಕೂರಿಸಿ, ಕೇಳುವವರನ್ನು ಬಾಗಿಲಿಗೆ ಕಳಿಸಿತ್ತು. ಇಂಥ ಸುಯೋಗ ನಿವೃತ್ತಿಯಾದ ಮೇಲೆ ಬಂದೇ ಇರಲಿಲ್ಲ. ಗೇಟಿನ ವಿಷಯ ತಿಳಿಯಬೇಕಾದರೆ ಮೊದಲು ಈ ಜಾಗದಲ್ಲಿ ಏನಿತ್ತು ಅನ್ನುವುದು ತಿಳಿಯಬೇಕು ಅಂತ ಅಲ್ಲಿಂದ ಹಿಡಿದೆ. ಬಿಲ್ಡರ್ ಮೊದಲು ಗೇಟನ್ನು ಯಾವ ದಿಕ್ಕಿಗೆ ಇಡಬೇಕೆಂದಿದ್ದ, ಅದಕ್ಕೆ ಯಾರು ಅಡ್ಡ ಬಂದರು, ಬಣ್ಣ ಬಳಿದವನು ಹೇಗೆ ಓಡಿಹೋದ. ಹವಾಲ್ದಾರರು ಟೋಪಿ ತೆಗೆದರು. ಅವಲಕ್ಕಿ ಬಂತು. ಬೂಟಿನ ಲೇಸು ಸಡಿಲಿಸಿದರು. ಚಹಾ ಬಂತು. ನಾನು ಸೊಸೈಟಿಯ ಮೊದಲ ಚುನಾವಣೆಗೆ ಬಂದಾಗ ಅವರ ಕಣ್ಣು ಮುಚ್ಚಿತ್ತು. ಎರಡನೇ ಚಹಾ ಬಂದಾಗ ತೆರೆಯಿತು.

"ಕಾಕಾ," ಅಂದರು, ಮರಾಠಿಯಲ್ಲಿ, ಬಹಳ ನಯವಾಗಿ, "ಟೆಂಪೋದ ಬಣ್ಣ ಯಾವುದು? ಅದೊಂದು ಹೇಳಿಬಿಡಿ."

"ಟೆಂಪೋನಾ? ಟೆಂಪೋ ನಾನು ನೋಡೇ ಇಲ್ಲವಲ್ಲ. ಆಗ ನಾನು ಸ್ನಾನಕ್ಕೆ ಹೋಗಿದ್ದೆ."

ಹವಾಲ್ದಾರರು ಕಾಗದ ಮಡಚಿದರು. ಬೂಟಿನ ಲೇಸು ಬಿಗಿದರು. ಟೋಪಿ ಇಟ್ಟುಕೊಂಡರು. ಬಾಗಿಲಲ್ಲಿ ನಿಂತು ಹೇಳಿದರು:

"ಅರವತ್ತು ದಾಟಿದವರನ್ನು ಚೌಕಿಗೆ ಕರೆಸಬಾರದು ಅಂತ ಕಾನೂನು ಇದೆಯಲ್ಲ ಕಾಕಾ, ಅದು ಮುದುಕರ ರಕ್ಷಣೆಗೆ ಅಂತ ತಿಳಿದಿದ್ದೆ. ಚೌಕಿಯ ರಕ್ಷಣೆಗೆ ಅಂತ ಇವತ್ತು ಗೊತ್ತಾಯಿತು."

೫. ಹಿಂದಿನ ಸೀಟು

ಮಗಳು ಸಂಜೆ ಬಂದು ಎಲ್ಲ ಕೇಳಿದಳು. ಕೂಗಾಡಲಿಲ್ಲ. ಸುಮ್ಮನೆ ಫೋನ್ ತೆಗೆದು ಗ್ಯಾರೇಜಿನವನಿಗೆ ಹೇಳಿದಳು: ಭಾನುವಾರ ಸಂಜೆ ಬಂದು ಸ್ಕೂಟರ್ ನೋಡಿ, ಕೊಡುವುದಿದೆ.

ಆ ರಾತ್ರಿ ನನಗೆ ಊಟ ಸೇರಲಿಲ್ಲ. ಮಾತೂ ಬರಲಿಲ್ಲ. ಅದು ನಮ್ಮಾಕೆಗೆ ಊಟ ಸೇರದ್ದಕ್ಕಿಂತ ದೊಡ್ಡ ಗಾಬರಿ ಹುಟ್ಟಿಸಿರಬೇಕು. ಮರುದಿನ ಮಗಳ ಮುಂದೆ ಸಂಧಾನಕ್ಕೆ ನಿಂತಳು.

"ಭಾನುವಾರತನಕ ಇವರು ಹೋದಲ್ಲೆಲ್ಲಾ ನಾ ಹಿಂದ ಕೂಡ್ತೀನಿ. ಗಣಪತಿ ಹಬ್ಬ ಬಂದದ, ಎಲ್ಲಾ ಕಡೆ ಪೊಲೀಸರು ನಿಂತಾರ, ಪರೀಕ್ಷಾ ಆಗೇ ಆಗ್ತದ. ಬಾಯಿ ಬಿಡಲಿಲ್ಲ ಅಂದ್ರ ಗಾಡಿ ಇರಲಿ. ಬಿಟ್ರು ಅಂದ್ರ ನಾನs ಚಾವಿ ತಂದು ಕೊಡ್ತೀನಿ."

ಮಗಳು ಒಪ್ಪಿದಳು. ಒಪ್ಪದೇ ಏನು? ನಮ್ಮಾಕೆಯಷ್ಟು ಭದ್ರವಾದ ಕಾವಲು ಎಲ್ಲಿ ಸಿಗಬೇಕು? ಇಷ್ಟು ವರ್ಷ ಪುಣೆಯಲ್ಲಿದ್ದರೂ ಅವಳ ನಾಲಿಗೆಗೆ ಮರಾಠಿ ಹತ್ತಿಲ್ಲ. ಕಾಯಿಪಲ್ಯದವಳ ಮುಂದೆಯೂ ಬೆರಳಲ್ಲೇ ವ್ಯವಹಾರ. ಹೊರಗೆ ಹೋದರೆ ತುಟಿ ಹೊಲಿದ ಹಾಗೆ ಇರುತ್ತಾಳೆ.

ಆ ವಾರವೇ ಒಂದು ಸಂಜೆ ನಿಲ್ಲಿಸಿದರು. ಕುಡಿದವರನ್ನು ಹಿಡಿಯುತ್ತಿದ್ದರು. ನಾನು "ನಮಸ್ಕಾರ" ಅನ್ನಲು ಬಾಯಿ ತೆಗೆದೆ, ಸೊಂಟಕ್ಕೆ ಚಿವುಟು ಬಿತ್ತು. ಮುಚ್ಚಿದೆ. ಲೈಸೆನ್ಸ್ ಕೊಟ್ಟೆ.

"ಬಾಯಿ ತೆಗೆಯಿರಿ ಕಾಕಾ, ಊದಬೇಕು," ಅಂದ ಹುಡುಗ ಪೊಲೀಸ್, ಯಂತ್ರ ಮುಂದೆ ಮಾಡಿ.

ಚಿವುಟಿದ ಜಾಗ ಇನ್ನೂ ಉರಿಯುತ್ತಿತ್ತು. ಬಾಯಿ ತೆಗೆಯಲಿಲ್ಲ. ಕತ್ತು ತಿರುಗಿಸಿ ನಮ್ಮಾಕೆಯ ಮುಖ ನೋಡಿದೆ.

"ಯಾಕೆ ಕಾಕಾ? ಊದುವುದಿಲ್ಲವೇ?" ಅವನ ದನಿ ಗಟ್ಟಿಯಾಯಿತು.

ನಾನು ಅವಳನ್ನೇ ನೋಡುತ್ತಿದ್ದೆ. ಅವಳು ಯಂತ್ರ ನೋಡಿದಳು, ಅವನನ್ನು ನೋಡಿದಳು, ವಿಚಾರ ಮಾಡಿದಳು. ಆಮೇಲೆ ನನ್ನ ಕಿವಿಯಲ್ಲಿ ಅಪ್ಪಣೆ ಕೊಟ್ಟಳು.

"ತಗೀರಿ. ಊದ್ರಿ. ಆದರ ಗಾಳಿ ಅಷ್ಟs ಬರಲಿ."

ಆ ಹುಡುಗನಿಗೆ ಕನ್ನಡ ತಿಳಿಯಲಿಲ್ಲ. ಆದರೆ ನಾನು ಊದಿ, ಆಮೇಲೆ ಅಂಗೈಯಿಂದ ಬಾಯಿ ಮುಚ್ಚಿಕೊಂಡದ್ದು ನೋಡಿ ಎಲ್ಲ ತಿಳಿದಿರಬೇಕು. ಯಂತ್ರ ಸೊನ್ನೆ ತೋರಿಸಿತು. ಅವನು ನಮ್ಮಾಕೆಗೆ ಸಲ್ಯೂಟ್ ಹೊಡೆದು ಬಿಟ್ಟ.

೬. ಭಾನುವಾರ

ಕೊನೆಗೆ ಭಾನುವಾರ ಬಂತು. ಗ್ಯಾರೇಜಿನವನು ಸಂಜೆ ಬರುವವನು. ಬೆಳಿಗ್ಗೆ ನಮ್ಮಾಕೆಯನ್ನು ದೇವಸ್ಥಾನಕ್ಕೆ ಕರೆದೊಯ್ದು ಮರಳುತ್ತಿದ್ದೆ. ಇನ್ನೇನು ಮನೆ ಬಂತು, ಸ್ಕೂಟರ್ ಉಳಿಯಿತು ಅನ್ನುವಷ್ಟರಲ್ಲಿ ರಸ್ತೆಗೆ ಅಡ್ಡ ಬ್ಯಾರಿಕೇಡ್. ನಾಕಾಬಂದಿ. ಪಕ್ಕದಲ್ಲಿ ಒಬ್ಬ ಹೆಣ್ಣುಮಗಳು, ಹೆಗಲ ಮೇಲೆ ನಕ್ಷತ್ರ. ಪಿಎಸ್‌ಐ.

ನನ್ನ ಬಾಯಿ ಬಂಡೆಗಲ್ಲು. ಆಕೆ ಕೇಳಿದಳು, ಲೈಸೆನ್ಸ್ ಕೊಟ್ಟೆ. ಕಾಗದ ಕೇಳಿದಳು, ಕೊಟ್ಟೆ. ಹೆಸರು ಕೇಳಿದಳು, ಹೆಸರಷ್ಟೇ ಹೇಳಿದೆ. ಮುಂದಿನ ಡಿಕ್ಕಿ ತೆಗೆಯಿರಿ ಅಂದಳು. ತೆಗೆದೆ; ತೆಂಗಿನಕಾಯಿ, ಬಾಳೆಹಣ್ಣು. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ಸಂವಿಧಾನ ಬರೆದವರು ನೋಡಿದ್ದರೆ ಬೆನ್ನು ಚಪ್ಪರಿಸುತ್ತಿದ್ದರು.

"ಹೋಗಿ ಕಾಕಾ," ಅಂದಳು ಪಿಎಸ್‌ಐ.

ಗೆದ್ದೆ! ಕಿಕ್ ಹೊಡೆಯಲು ಕಾಲೆತ್ತಿದೆ. ಅಷ್ಟರಲ್ಲಿ ಆಕೆಯ ಫೋನ್ ಬಡಿಯಿತು. ಆಕೆ ಎತ್ತಿದಳು.

"ಹಾಂ ಯವ್ವಾ, ಡ್ಯೂಟಿ ಮ್ಯಾಲೆ ಅದೀನಿ. ಉಂಡೆ. ರೊಟ್ಟಿ ಎಲ್ಲಿ ಸಿಗ್ತಾವವ್ವಾ ಇಲ್ಲಿ, ಚಪಾತಿನ ತಿಂದೆ. ಇಡ್ತೀನಿ."

ಹಿಂದಿನ ಸೀಟು ಹಗುರಾಯಿತು. ತಿರುಗಿ ನೋಡಿದರೆ ನಮ್ಮಾಕೆ ಇಳಿದು, ಸೆರಗು ಸರಿಮಾಡಿಕೊಂಡು, ಪಿಎಸ್‌ಐ ಮುಂದೆ ನಿಂತಿದ್ದಾಳೆ.

"ಯಾವೂರವ್ವಾ ನಿಂದು?"

"ಇಂಡಿ ಕಡೆದಾಕಿರಿ ಕಾಕು."

"ಇಂಡಿ! ನಮ್ಮ ತವರಮನಿ ಅದs ರಸ್ತಾದಾಗ ಬರ್ತದ! ನೀ ಯಾರ ಪೈಕಿ?"

ಹೋಯಿತು. ಇಷ್ಟು ವರ್ಷ ಕೂಡಿಟ್ಟ ಮಾತೆಲ್ಲ ಕಾಲುವೆ ಒಡೆದ ಹಾಗೆ ಹರಿಯಿತು. ನಾನು ಸ್ಕೂಟರ್ ಮೇಲಿದ್ದೆ, ಅವಳು ಆ ಕಡೆ. ಚಿವುಟೋಣ ಅಂದರೆ ಕೈಗೆ ನಿಲುಕುವುದಿಲ್ಲ. ಕೆಮ್ಮಿದೆ, ಹಾರ್ನ್ ಹೊಡೆದೆ. ಯಾರು ಕೇಳಬೇಕು? ಪಿಎಸ್‌ಐಯ ದೊಡ್ಡಮ್ಮ ನಮ್ಮಾಕೆಯ ಅಣ್ಣನ ಹೆಂಡತಿಯ ಓಣಿಯವಳು ಅನ್ನುವಲ್ಲಿಗೆ ಇಬ್ಬರೂ ಕೈ ಕೈ ಹಿಡಿದುಕೊಂಡಿದ್ದರು.

"ಕಾಕಾರು ಭಾಳ ಶಾಂತ ಅದಾರಲ್ರಿ ಕಾಕು. ಒಂದು ಮಾತೂ ಆಡಲಿಲ್ಲ," ಅಂದಳು ಪಿಎಸ್‌ಐ.

"ಶಾಂತ ಎಲ್ಲೀದವ್ವಾ!" ನಮ್ಮಾಕೆ ನಕ್ಕಳು. "ನಾವs ಬಾಯಿ ಮುಚ್ಚಿಸೀವಿ. ಬಾಯಿ ಬಿಟ್ರ ಮಾಡಿದ ತಪ್ಪೆಲ್ಲಾ ಒಪ್ಪಿಕೊಂಡು ಬಿಡ್ತಾರಂತ."

"ಹೌದಾ? ಏನು ತಪ್ಪು ಮಾಡ್ಯಾರ್ರಿ?"

"ಒಂದs ಎರಡs? ಈಗ ಬರುವಾಗs ಗುಡಿ ಮುಂದಿನ ಸಿಗ್ನಲ್ ಕೆಂಪು ಇತ್ತು, ಹಂಗs ದಾಟಿ ಬಂದ್ವಿ. ಸುಳ್ಳು ಯಾಕ ಹೇಳ್ಲಿ, ಅವರು ನಿಂತಿದ್ರು. ನಾನs ಅಂದೆ, ಯಾರೂ ಇಲ್ಲ ನಡೀರಿ, ಒಲಿ ಮ್ಯಾಲೆ ಬ್ಯಾಳಿ ಇಟ್ಟು ಬಂದೀನಂತ."

ಸ್ಕೂಟರ್ ಗ್ಯಾರೇಜಿನವನ ಮನೆ ಸೇರಿದ್ದು ಕಣ್ಣೆದುರು ಕಂಡಿತು.

ಪಿಎಸ್‌ಐ ನಗು ತಡೆದುಕೊಂಡು ಅಂದಳು, "ಕಾಕು, ಅದನ್ನ ನನಗ ಹೇಳಬಾರದ್ರಿ. ಸುಮ್ಮನಿರೋ ಹಕ್ಕು ಅದ ನಿಮಗ."

"ಅದು ಇವರಿಗೆ ಇರೋದವ್ವಾ. ನನಗ್ಯಾಕ ಬೇಕು, ನಾ ಎಲ್ಲಿ ಮಾತಾಡ್ತೀನಿ?" ಅಂದಳು ನಮ್ಮಾಕೆ. ಆಮೇಲೆ ತಟ್ಟನೆ ಏನೋ ಹೊಳೆದು ಅವಳ ಮುಖ ಸಪ್ಪಗಾಯಿತು. "ಯವ್ವಾ, ಒಂದು ಉಪಕಾರ ಮಾಡು. ನಮ್ಮ ಮಗಳು ವಕೀಲಿ ಇದ್ದಾಳ. ಇವರು ಪೊಲೀಸರ ಮುಂದ ಬಾಯಿ ಬಿಟ್ರ ಇವತ್ತs ಗಾಡಿ ಮಾರಾಕಿ. ಇವರಿಗೆ ಗಾಡಿ ಅಂದ್ರ ಜೀವ. ಇವರು ಮಾತಾಡಲಿಲ್ಲ ಅಂತ ನೀನs ಒಂದು ಮಾತು ಹೇಳಿಬಿಡು ಆಕಿಗೆ."

ಪಿಎಸ್‌ಐ ನಂಬರ್ ಕೇಳಿ, ಹಚ್ಚಿ, ಸ್ಪೀಕರ್ ಒತ್ತಿದಳು.

"ನಮಸ್ಕಾರ್ರಿ ವಕೀಲ್ರ. ನಾಕಾಬಂದಿ ಮ್ಯಾಲಿಂದ ಪಿಎಸ್‌ಐ ಮಾತಾಡ್ತೀನಿ. ನಿಮ್ಮ ಅಪ್ಪಾರ ಗಾಡಿ ನಿಲ್ಲಿಸಿದ್ದೆ."

"ಅಪ್ಪಾ ಏನು ಒದರಿದಾರ್ರಿ?" ಮಗಳ ದನಿ ಸಿಡಿಲಿನ ಹಾಗೆ ಬಂತು.

"ಏನೂ ಇಲ್ರಿ. ಕೇಳಿದ್ದಕ್ಕ ಉತ್ತರ, ಕೇಳದ್ದಕ್ಕ ಮೌನ. ನನ್ನ ನೌಕರಿಯೊಳಗ ಇಂಥಾ ಶಿಸ್ತಿನ ಮನುಷ್ಯಾನ್ನ ನೋಡಿಲ್ಲ. ಗಾಡಿ ಅವರ ಕೈಯಾಗs ಇರಲಿ, ಕಾಳಜಿ ಬ್ಯಾಡ. ಇನ್ನ ಗುಡಿ ಮುಂದಿನ ಸಿಗ್ನಲ್ಲಿಂದು ಕ್ಯಾಮೆರಾ ನೋಡಿದ್ರ ಅದs ಚಲನ್ ಕಳಸ್ತದ, ಅದು ಬ್ಯಾರೆ ಮಾತು."

"ಸಿಗ್ನಲ್ಲಾ? ಯಾವ ಸಿಗ್ನಲ್? ಅಪ್ಪಾ ಮಾತಾಡಿಲ್ಲ ಅಂದ್ರಿ, ಮತ್ತ ನಿಮಗ ಯಾರು ಹೇಳಿದ್ರು?"

ಪಿಎಸ್‌ಐ ನಮ್ಮಾಕೆಯ ಕಡೆ ನೋಡಿದಳು. ಸುಳ್ಳು ಹೇಳುವ ಹಾಗಿಲ್ಲ, ಮೈಮೇಲೆ ಯುನಿಫಾರ್ಮು. "ನಿಮ್ಮ ಅವ್ವಾರು..." ಅಂತ ರಾಗ ಎಳೆದಳು.

ಮಗಳು ನಿಧಾನವಾಗಿ ಅಂದಳು, "ಅಪ್ಪಾಗ ಹೇಳ್ರಿ, ಚಾವಿ ಅವನ ಹತ್ತಿರನs ಇರಲಿ. ಗ್ಯಾರೇಜಿನವನಿಗೆ ಬರಬ್ಯಾಡ ಅಂತೀನಿ. ಈಗ ಅವ್ವಾಗ ಫೋನ್ ಕೊಡ್ರಿ."

ಪಿಎಸ್‌ಐ ಫೋನ್ ಮುಂದೆ ಹಿಡಿದಳು. ಇಡೀ ನಾಕಾಬಂದಿಯೇ ನಮ್ಮಾಕೆಯ ಕಡೆ ತಿರುಗಿ ನೋಡಿತು. ಅವಳು ಫೋನ್ ನೋಡಿದಳು, ಎರಡು ಹೆಜ್ಜೆ ಹಿಂದೆ ಸರಿದಳು, ಸೆರಗು ತಲೆಯ ಮೇಲೆ ಎಳೆದುಕೊಂಡು ಮೆಲ್ಲಗೆ ನನ್ನ ಹಿಂದೆ ಬಂದು ಕೂತಳು. ಸೊಂಟಕ್ಕೊಂದು ಚಿವುಟು ಬಿತ್ತು. ಕಿವಿಯಲ್ಲಿ ಪಿಸುಮಾತು.

"ರೀ, ನಾ ಇಲ್ಲಿಲ್ಲಂತ ಹೇಳ್ರಿ!"